ಕೋವಿಯಿಂದ ದುರ್ಬೀನಿಗೆ: ಅಮ್ಮನ ಹಿತ್ತಲಲ್ಲಿ ಸಿಕ್ಕ ಇತಿಹಾಸ

ಇವತ್ತಿನ ಸಂಚಿಕೆಯಲ್ಲಿ ರಾಜರ ಕಥೆ ಇಲ್ಲ, ಯುದ್ಧದ ಕಥೆ ಸ್ವಲ್ಪ ಇದೆ, ಹಕ್ಕಿಗಳ ಕಥೆ ಜಾಸ್ತಿ ಇದೆ. ಮಾತಾಡೋದು ದುರ್ಬೀನಿನ ಬಗ್ಗೆ. ಈಗ ಎಲ್ಲರೂ ಬೈನಾಕ್ಯುಲರ್ ಅಂತಾರೆ. ನಮ್ಮಜ್ಜ ದುರ್ಬೀನು ಅಂತಲೇ ಅನ್ನುತ್ತಿದ್ದರು. ಪಾರಸಿಯಿಂದ ಬಂದ ಮಾತು, ದೂರದ್ದನ್ನು ನೋಡುವಂಥದ್ದು ಅಂತ ಅರ್ಥ.

ಈ ವಿಷಯಕ್ಕೆ ನಾನು ಬಂದಿದ್ದು ಅಮ್ಮನ ಕಾರಣದಿಂದ. ನಮ್ಮೂರು ತೀರ್ಥಹಳ್ಳಿ ಕಡೆ. ಅಪ್ಪ ತೀರಿಹೋದ ಮೇಲೆ ಅಮ್ಮ ತೋಟದ ಕಡೆ ಹೋಗೋದನ್ನೇ ಬಿಟ್ಟರು. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂರೋರು, ಅಷ್ಟೆ. ಒಂದು ದಿನ ಫೋನಿನಲ್ಲಿ ಕೇಳಿದರು, "ದಾಸವಾಳದ ಗಿಡಕ್ಕೆ ಒಂದು ಕಪ್ಪು ಹಕ್ಕಿ ಬರ್ತದೆ ಮಾರಾಯ, ಬಿಸಿಲು ಬಿದ್ರೆ ನೀಲಿ ಆಗ್ತದೆ, ಅದು ಯಾವುದು?" ಬಹಳ ದಿನದ ನಂತರ ಅವರು ಏನನ್ನೋ ತಿಳಿದುಕೊಳ್ಳಬೇಕು ಅಂತ ಕೇಳಿದ್ದು ಅದೇ ಮೊದಲು.

ನನ್ನ ಹತ್ತಿರ ಒಂದು ದುರ್ಬೀನು ಇತ್ತು. ವರ್ಷಗಳ ಹಿಂದೆ ಅಂಗಡಿಯವನು "ಪವರ್ ಹೆಚ್ಚಿದ್ದಷ್ಟೂ ಒಳ್ಳೇದು ಸಾರ್" ಅಂತ ಹೇಳಿ ಕೊಟ್ಟಿದ್ದ 10x50. ಊರಿಗೆ ತೆಗೆದುಕೊಂಡು ಹೋದೆ. ಅಮ್ಮ ಕಣ್ಣಿಗೆ ಹಿಡಿದರು. ಅರ್ಧ ನಿಮಿಷಕ್ಕೆ ಕೈ ನಡುಗಿತು. ಹಕ್ಕಿ ಸಿಗಲಿಲ್ಲ, ಎಲೆ ಮಾತ್ರ ಕಂಡಿತು, ಅದೂ ಮಸುಕು. ಕೆಳಗಿಟ್ಟು ಹೇಳಿದರು, "ನಂಗೆ ವಯಸ್ಸಾಯ್ತು ಬಿಡು. ಇದೆಲ್ಲ ನನ್ನ ಕೈಲಿ ಆಗೋದಲ್ಲ."

ಆ ಮಾತು ನನಗೆ ಚುಚ್ಚಿತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. 900 ಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ಕಿಲೋ ಅಕ್ಕಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಮುಖದ ಎತ್ತರಕ್ಕೆ ಹಿಡಿದು ಎರಡು ನಿಮಿಷ ನಿಂತು ನೋಡಿ, ಗೊತ್ತಾಗುತ್ತೆ. ತಪ್ಪು ಅಮ್ಮನ ವಯಸ್ಸಿನದಲ್ಲ. ಆ ಯಂತ್ರ ಅಮ್ಮನಿಗಾಗಿ ಮಾಡಿದ್ದಲ್ಲ. ಹಾಗಾದರೆ ಯಾರಿಗಾಗಿ ಮಾಡಿದ್ದು? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕ ಇತಿಹಾಸ ಇದು.

ಮೊದಲು ಒಂದು ಪ್ರಶ್ನೆ. ದುರ್ಬೀನು ಇಲ್ಲದ ಕಾಲದಲ್ಲಿ ಹಕ್ಕಿಯನ್ನು ಹತ್ತಿರದಿಂದ ನೋಡಲು ಏನು ಮಾಡುತ್ತಿದ್ದರು? ಕೊಲ್ಲುತ್ತಿದ್ದರು. ಇದು ಅತಿಶಯೋಕ್ತಿ ಅಲ್ಲ. 19ನೇ ಶತಮಾನದ ಪಕ್ಷಿಶಾಸ್ತ್ರಜ್ಞರ ಮುಖ್ಯ ಸಲಕರಣೆ ಕೋವಿಯೇ. ಅಮೆರಿಕದ ಜಾನ್ ಜೇಮ್ಸ್ ಆಡುಬಾನ್ ಬಿಡಿಸಿದ ಹಕ್ಕಿಗಳ ಚಿತ್ರಗಳು ಇವತ್ತಿಗೂ ಪ್ರಸಿದ್ಧ. ಅವುಗಳಲ್ಲಿ ಹೆಚ್ಚಿನವು ಹೊಡೆದ ಹಕ್ಕಿಗಳನ್ನು ತಂತಿಯಿಂದ ಜೀವಂತ ಭಂಗಿಯಲ್ಲಿ ನಿಲ್ಲಿಸಿ ಬಿಡಿಸಿದ್ದು. ನಮ್ಮ ದೇಶದಲ್ಲಿ ಎ.ಒ. ಹ್ಯೂಮ್ ಇದ್ದರಲ್ಲ, ಕಾಂಗ್ರೆಸ್ ಸ್ಥಾಪನೆಯಲ್ಲಿ ಮುಂದಿದ್ದವರು, ಅವರು ದೊಡ್ಡ ಪಕ್ಷಿತಜ್ಞರೂ ಹೌದು. ಕಾಂಗ್ರೆಸ್ ಹುಟ್ಟಿದ 1885ರಲ್ಲೇ ಅವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ತಮ್ಮ ಸಂಗ್ರಹವನ್ನು ಕೊಟ್ಟರು. ಹಕ್ಕಿಗಳ ಚರ್ಮ, ಮೊಟ್ಟೆ ಎಲ್ಲ ಸೇರಿ ಸುಮಾರು 82,000.

ಸಲೀಂ ಅಲಿಯವರ ಕಥೆ ನಿಮಗೆ ಗೊತ್ತೇ ಇರಬಹುದು. ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಿ ಹೊಡೆದರು. ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ. ಇದು ಯಾವ ಗುಬ್ಬಿ ಅಂತ ಕೇಳಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಹುಡುಗನಿಗೆ ಇಡೀ ಸಂಗ್ರಹವನ್ನು ತೋರಿಸಿದರು. ಭಾರತದ ಅತಿ ದೊಡ್ಡ ಪಕ್ಷಿತಜ್ಞರೊಬ್ಬರ ಬದುಕು ಶುರುವಾಗಿದ್ದು ಸತ್ತ ಗುಬ್ಬಿಯೊಂದರಿಂದ. ಅವರ ಆತ್ಮಕಥೆಯ ಹೆಸರೇ 'ದಿ ಫಾಲ್ ಆಫ್ ಎ ಸ್ಪ್ಯಾರೋ'.

ಇವರನ್ನೆಲ್ಲ ಕ್ರೂರಿಗಳು ಅಂತ ಹೇಳೋಕೆ ನಾನು ಇದನ್ನು ಹೇಳ್ತಾ ಇಲ್ಲ. ಕಣ್ಣಿಗೆ ಎಟುಕದ್ದನ್ನು ಗುರುತಿಸಲು ಅವರ ಕೈಲಿದ್ದ ದಾರಿ ಅದೊಂದೇ. ಆ ಸಂಗ್ರಹಗಳು ವಿಜ್ಞಾನಕ್ಕೆ ಇವತ್ತಿಗೂ ಬೇಕು. ಆದರೆ ಒಂದು ಮಾತು ಗಮನಿಸಿ. ಹಕ್ಕಿ ನೋಡೋದಕ್ಕೆ ಕೋವಿ ಬೇಕು ಅಂದಾಗ, ಹಕ್ಕಿ ನೋಡುವವರು ಯಾರಾಗಿರುತ್ತಾರೆ? ಕೋವಿ ಇದ್ದವರು. ಅಂದರೆ ಅಧಿಕಾರಿಗಳು, ಶಿಕಾರಿದಾರರು, ಹಣವಂತ ಗಂಡಸರು. ಹಿತ್ತಿಲ ಮೆಟ್ಟಿಲ ಮೇಲೆ ಕೂತ ಹೆಂಗಸರ ಲೆಕ್ಕವೇ ಇಲ್ಲ.

ಈ ಲೆಕ್ಕ ಬದಲಾಯಿಸಿದವರಲ್ಲಿ ಒಬ್ಬಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹುಡುಗಿ, ಫ್ಲಾರೆನ್ಸ್ ಮೆರಿಯಂ. ಹುಟ್ಟಿದ್ದು 1863ರಲ್ಲಿ. ಅವಳ ಕಾಲದಲ್ಲಿ ಅಲ್ಲಿನ ಹೆಂಗಸರ ಟೋಪಿಗೆ ಹಕ್ಕಿಯ ಗರಿ, ಕೆಲವೊಮ್ಮೆ ಇಡೀ ಹಕ್ಕಿಯನ್ನೇ ಸಿಕ್ಕಿಸೋದು ಫ್ಯಾಷನ್ನು. 1886ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿಪ್ರೇಮಿ ನ್ಯೂಯಾರ್ಕ್ ನಗರದ ಅಂಗಡಿ ಬೀದಿಗಳಲ್ಲಿ ಎರಡು ಸಲ ಅಡ್ಡಾಡಿ ಟೋಪಿಗಳನ್ನು ಎಣಿಸಿದ. 700 ಟೋಪಿಗಳಲ್ಲಿ 542ರ ಮೇಲೆ ಗರಿಯೋ ಹಕ್ಕಿಯೋ ಇತ್ತು. ಗುರುತಿಸಲಾದ ಜಾತಿಗಳೇ 40. ಕಾಡಿಗೆ ಹೋಗದೆ ಬೀದಿಯಲ್ಲೇ ಮಾಡಿದ ಪಕ್ಷಿಗಣತಿ ಅದು!

ಅದೇ ವರ್ಷ ಮೆರಿಯಂ ತಾನು ಓದುತ್ತಿದ್ದ ಸ್ಮಿತ್ ಕಾಲೇಜಿನಲ್ಲಿ ಗೆಳತಿಯರನ್ನು ಸೇರಿಸಿ ಆಡುಬಾನ್ ಸಂಘ ಕಟ್ಟಿದಳು. ಟೋಪಿ ಹಾಕಬೇಡಿ ಅಂತ ಬರೀ ಉಪದೇಶ ಮಾಡಲಿಲ್ಲ. ಹುಡುಗಿಯರನ್ನು ಹೊರಗೆ ಕರೆದುಕೊಂಡು ಹೋಗಿ ಜೀವಂತ ಹಕ್ಕಿಗಳನ್ನು ತೋರಿಸಿದಳು. ಒಮ್ಮೆ ಸರಿಯಾಗಿ ನೋಡಿದವರು ಅದನ್ನು ತಲೆಯ ಮೇಲೆ ಸಿಕ್ಕಿಸಿಕೊಳ್ಳಲಾರರು ಎಂಬುದು ಅವಳ ನಂಬಿಕೆ. 1889ರಲ್ಲಿ, 26ನೇ ವಯಸ್ಸಿನಲ್ಲಿ, ಒಂದು ಪುಸ್ತಕ ಬರೆದಳು: 'ಬರ್ಡ್ಸ್ ಥ್ರೂ ಆನ್ ಆಪೆರಾ-ಗ್ಲಾಸ್'.

ಆಪೆರಾ-ಗ್ಲಾಸ್ ಅಂದರೆ ನಾಟಕಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತವರು ವೇದಿಕೆ ನೋಡಲು ಹಿಡಿಯುತ್ತಿದ್ದ ಪುಟ್ಟ ದುರ್ಬೀನು. ಮೂರು ಪಟ್ಟು ದೊಡ್ಡದಾಗಿ ತೋರಿಸಿದರೆ ಹೆಚ್ಚು. ಆದರೆ ಅದಕ್ಕೆ ಎರಡು ಗುಣ ಇತ್ತು. ಅನೇಕ ಮನೆಗಳಲ್ಲಿ ಮೊದಲೇ ಇತ್ತು. ಮತ್ತೆ, ಹಗುರವಾಗಿತ್ತು. ತೋಟದ ಬೆಂಚಿನ ಮೇಲೆ ಕೂತು ಸದ್ದು ಮಾಡದೆ ನೋಡಿ ಅಂತ ಮೆರಿಯಂ ಹೇಳಿಕೊಟ್ಟಳು. ಹಕ್ಕಿ ನೋಡೋದಕ್ಕೆ ಕೋವಿ ಬೇಡ, ಕಾಡೂ ಬೇಡ, ಹಿತ್ತಲು ಸಾಕು ಅಂತ ಪುಸ್ತಕ ಬರೆದು ಹೇಳಿದ ಮೊದಲಿಗರಲ್ಲಿ ಅವಳೂ ಒಬ್ಬಳು.

ಇಂಗ್ಲೆಂಡಿನಲ್ಲಿ ಇದೇ ಮಾತನ್ನು ಹೇಳಿದವನು ಎಡ್ಮಂಡ್ ಸೆಲೂಸ್. ಅವನ ಅಣ್ಣ ಫ್ರೆಡರಿಕ್ ಸೆಲೂಸ್ ಆಫ್ರಿಕಾದಲ್ಲಿ ಆನೆ, ಸಿಂಹ ಹೊಡೆದು ಹೆಸರು ಮಾಡಿದ ಶಿಕಾರಿ. ತಮ್ಮ ಕೋವಿಯನ್ನು ಕೆಳಗಿಟ್ಟು 1901ರಲ್ಲಿ 'ಬರ್ಡ್ ವಾಚಿಂಗ್' ಎಂಬ ಪುಸ್ತಕ ಬರೆದ. ನಾವು ಇವತ್ತು ಪಕ್ಷಿವೀಕ್ಷಣೆ ಅನ್ನುತ್ತೇವಲ್ಲ, ಆ ಹವ್ಯಾಸದ ಇಂಗ್ಲಿಷ್ ಹೆಸರು ಬಳಕೆಗೆ ಬಂದದ್ದು ಈ ಪುಸ್ತಕದಿಂದ. ಒಂದೇ ಮನೆಯ ಇಬ್ಬರು, ಒಬ್ಬನ ಕೈಲಿ ಕೋವಿ, ಇನ್ನೊಬ್ಬನ ಕೈಲಿ ದುರ್ಬೀನು. ಕಾಲ ಬದಲಾದದ್ದನ್ನು ತೋರಿಸೋಕೆ ಇದಕ್ಕಿಂತ ಬೇರೆ ಚಿತ್ರ ಬೇಕಿಲ್ಲ.

ಈಗ ಯಂತ್ರದ ಕಡೆ ಬರೋಣ. ಯಾಕಂದ್ರೆ ಮೆರಿಯಂ ಕೈಲಿದ್ದ ಮೂರು ಪಟ್ಟಿನ ಗಾಜು ಎಂಟು ಪಟ್ಟು ಆಗಬೇಕು, ಆದರೆ ತೂಕ ಏರಬಾರದು. ಅದೇ ಕಷ್ಟದ ಕೆಲಸ.

1608ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್‌ನ ಮಿಡಲ್‌ಬರ್ಗ್ ಊರಿನ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಹೇ ದೂರದರ್ಶಕಕ್ಕೆ ಪೇಟೆಂಟ್ ಕೇಳಿದ. ಸರ್ಕಾರದವರು ನೋಡಿ, ಎರಡೂ ಕಣ್ಣಿಗೆ ಆಗುವಂತೆ ಮಾಡಿಕೊಡು ಅಂದರು. ಅಂದರೆ ದೂರದರ್ಶಕ ಹುಟ್ಟಿದ ವರ್ಷವೇ ದುರ್ಬೀನಿಗೂ ಬೇಡಿಕೆ ಬಂತು. ಪೇಟೆಂಟ್ ಮಾತ್ರ ಸಿಗಲಿಲ್ಲ, ಬೇರೆಯವರಿಗೂ ಈ ಗುಟ್ಟು ಗೊತ್ತಿತ್ತು. ಮರುವರ್ಷ ಗೆಲಿಲಿಯೋ ಅದೇ ಬಗೆಯದನ್ನು ತಾನೇ ಮಾಡಿಕೊಂಡ. ಮುಂದೆ ಪೀನ ಮಸೂರ, ಕಣ್ಣಿನ ಕಡೆ ನಿಮ್ನ ಮಸೂರ. ಚಿತ್ರ ನೇರವಾಗಿ ಕಾಣುತ್ತೆ, ಕೊಳವೆ ಗಿಡ್ಡ. ಆಪೆರಾ-ಗ್ಲಾಸ್‌ನಲ್ಲಿ ಇದ್ದದ್ದೂ ಇದೇ. ಆದರೆ ಪವರ್ ಏರಿಸಿದರೆ ಕಿಟಕಿಯ ಬದಲು ಕೀಲಿರಂಧ್ರದಿಂದ ನೋಡಿದಂತೆ ಆಗುತ್ತೆ.

1611ರಲ್ಲಿ ಕೆಪ್ಲರ್ ಇನ್ನೊಂದು ದಾರಿ ಹೇಳಿದ. ಎರಡೂ ಕಡೆ ಪೀನ ಮಸೂರ ಇಡಿ, ನೋಟ ಅಗಲವಾಗುತ್ತೆ. ಸರಿ, ಆದರೆ ಚಿತ್ರ ತಲೆಕೆಳಗು! ಆಕಾಶದ ನಕ್ಷತ್ರ ತಲೆಕೆಳಗಾದರೆ ಯಾರಿಗೂ ನಷ್ಟವಿಲ್ಲ. ಮರದ ಮೇಲಿನ ಪಿಕಳಾರ ತಲೆಕೆಳಗಾದರೆ? ಅದನ್ನು ನೇರ ಮಾಡಲು ನಡುವೆ ಇನ್ನಷ್ಟು ಮಸೂರ ಇಟ್ಟರೆ ಕೊಳವೆ ಮೊಳದುದ್ದ ಬೆಳೆಯುತ್ತಿತ್ತು.

ಉತ್ತರ ಕೊಟ್ಟದ್ದು ಇಟಲಿಯ ಇಗ್ನಾಜಿಯೋ ಪೊರೋ, 1854ರಲ್ಲಿ. ಮಸೂರಗಳ ನಡುವೆ ಗಾಜಿನ ಪ್ರಿಸಂ ಇಟ್ಟು ಬೆಳಕನ್ನು ನಾಲ್ಕು ಸಲ ತಿರುಗಿಸಿದ. ಚಿತ್ರ ನೇರವಾಯಿತು, ಉದ್ದ ಕೊಳವೆ ಮಡಿಸಿಟ್ಟ ಹಾಗೆ ಗಿಡ್ಡವಾಯಿತು. ಉಪಾಯ ಚೆನ್ನಾಗಿತ್ತು, ಆಗಿನ ಗಾಜು ಚೆನ್ನಾಗಿರಲಿಲ್ಲ. ಜರ್ಮನಿಯ ಯೆನಾ ಊರಿನಲ್ಲಿ ಆಟ್ಟೋ ಶಾಟ್ 1884ರಲ್ಲಿ ಹೊಸ ಬಗೆಯ ಗಾಜಿನ ಕಾರ್ಖಾನೆ ಶುರುಮಾಡಿದ ಮೇಲೆ ದಾರಿ ತೆರೆಯಿತು. ಅದೇ ಊರಿನ ಝೈಸ್ ಕಂಪನಿಯ ಎರ್ನ್ಸ್ಟ್ ಅಬೆ ಪೇಟೆಂಟಿಗೆ ಹೋದಾಗ, ಇದನ್ನು ಪೊರೋ ನಾಲ್ಕು ದಶಕದ ಹಿಂದೆಯೇ ಮಾಡಿದ್ದ ಅನ್ನೋದು ಗೊತ್ತಾಯಿತಂತೆ. ಹಾಗಾಗಿ ಸಿಕ್ಕ ಪೇಟೆಂಟ್ ಮುಂದಿನ ಮಸೂರಗಳನ್ನು ದೂರ ದೂರ ಇಟ್ಟದ್ದಕ್ಕೆ ಮಾತ್ರ. 1894ರಲ್ಲಿ ಝೈಸ್‌ನ 4, 6 ಮತ್ತು 8 ಪಟ್ಟಿನ ದುರ್ಬೀನುಗಳು ಮಾರುಕಟ್ಟೆಗೆ ಬಂದವು. ಇವತ್ತು ಅಂಗಡಿಯಲ್ಲಿ ಕಾಣುವ ದುರ್ಬೀನುಗಳೆಲ್ಲ ಅದರದ್ದೇ ಸಂತತಿ.

ಆಮೇಲೆ ಬಂತು ಯುದ್ಧ. ಒಳ್ಳೆಯ ಗಾಜು ಹೆಚ್ಚಾಗಿ ಜರ್ಮನಿಯಿಂದಲೇ ಬರುತ್ತಿತ್ತು. 1914ರಲ್ಲಿ ಅದು ನಿಂತಿತು. ಅಮೆರಿಕ ಯುದ್ಧಕ್ಕೆ ಇಳಿದಾಗ ಅಲ್ಲಿನ ನೌಕಾದಳಕ್ಕೆ ಸಮುದ್ರ ಕಾಯಲು ಸಾಕಷ್ಟು ದುರ್ಬೀನೇ ಇಲ್ಲ. ನಿಮ್ಮ ಮನೆಯ ದುರ್ಬೀನು ಕಳಿಸಿಕೊಡಿ ಅಂತ ಜನರಲ್ಲಿ ಮನವಿ ಮಾಡಿದರು. ಆ ಅಭಿಯಾನಕ್ಕೆ ಇಟ್ಟ ಹೆಸರೇ 'ನೌಕಾದಳಕ್ಕೆ ಕಣ್ಣು' ಎಂಬರ್ಥದ್ದು. ಮನವಿ ಮಾಡಿದವರು ಆಗ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿ, ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್ವೆಲ್ಟ್. ಒಂದೊಂದಕ್ಕೆ ಒಂದು ಡಾಲರ್ ಬಾಡಿಗೆ. ಯೋಚಿಸಿ, ಹಿತ್ತಿಲಲ್ಲಿ ಹಕ್ಕಿ ನೋಡುತ್ತಿದ್ದ ಎಷ್ಟು ದುರ್ಬೀನು ಹಡಗು ಹತ್ತಿರಬೇಕು!

ಯುದ್ಧಗಳು ದುರ್ಬೀನಿನ ಆಕಾರವನ್ನೂ ಬದಲಾಯಿಸಿದವು. ಎರಡನೇ ಮಹಾಯುದ್ಧದಲ್ಲಿ ನೌಕಾದಳಗಳ ಮೆಚ್ಚಿನದು 7x50. ಮೊದಲ ಅಂಕೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತೆ ಅನ್ನೋದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. 50ನ್ನು 7ರಿಂದ ಭಾಗಿಸಿದರೆ 7 ಚಿಲ್ಲರೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಅಷ್ಟು ಮಿಲಿಮೀಟರ್. ಕತ್ತಲಲ್ಲಿ ಎಳೆಯ ವಯಸ್ಸಿನ ನಾವಿಕನ ಕಣ್ಣಿನ ಪಾಪೆ ಹೆಚ್ಚುಕಡಿಮೆ ಅಷ್ಟೇ ಅಗಲ ತೆರೆಯುತ್ತೆ. ರಾತ್ರಿ ಪಾಳಿಯ ಆ ಹುಡುಗನಿಗಾಗಿ ಅಳತೆ ಕೊಟ್ಟು ಹೊಲಿಸಿದ ಅಂಗಿ ಅದು. ತೂಕ ಒಂದು ಕಿಲೋ ಇದ್ದರೂ ಅವನಿಗೆ ತೊಂದರೆ ಇಲ್ಲ. ಯುದ್ಧ ಮುಗಿದ ಮೇಲೆ ಸೇನೆಯ ಇಂಥ ದುರ್ಬೀನುಗಳು ಅಗ್ಗಕ್ಕೆ ಮಾರಾಟವಾಗಿ ಎಷ್ಟೋ ಪಕ್ಷಿವೀಕ್ಷಕರ ಕೊರಳಿಗೆ ಬಂದವು. ದೊಡ್ಡದು, ಭಾರದ್ದು, ಹಾಗಾಗಿ ಒಳ್ಳೆಯದು ಎಂಬ ನಂಬಿಕೆಗೂ ಅಲ್ಲಿಂದ ಬಲ ಬಂತು ಅಂತ ನನಗನ್ನಿಸುತ್ತೆ. ಅಮ್ಮನ ಕೈ ನಡುಗಿಸಿದ್ದು ಅದೇ ನಂಬಿಕೆ.

ಆದರೆ ಹಗಲು ಹೊತ್ತಿನಲ್ಲಿ ನಮ್ಮ ಪಾಪೆ ಎರಡು ಮೂರು ಮಿಲಿಮೀಟರ್‌ಗೆ ಕುಗ್ಗುತ್ತೆ. ವಯಸ್ಸಾದ ಕಣ್ಣು ಕತ್ತಲಲ್ಲೂ ಹುಡುಗರಷ್ಟು ತೆರೆಯೋದಿಲ್ಲ. ಅಂದಮೇಲೆ ಅಷ್ಟು ದೊಡ್ಡ ಗಾಜು ಹೊರೋದು ಯಾತಕ್ಕೆ?

ಗಾಜು ಚಿಕ್ಕದಾದರೂ ಸಾಕು ಅನ್ನಲು ಇನ್ನೂ ಎರಡು ಆವಿಷ್ಕಾರ ಬೇಕಿತ್ತು. ಒಂದು, ಲೇಪನ. ಗಾಜಿನ ಪ್ರತಿ ಮೈ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 4-5ರಷ್ಟು ವಾಪಸ್ ಚಿಮ್ಮುತ್ತೆ. ದುರ್ಬೀನಿನಲ್ಲಿ ಇಂಥ ಹತ್ತು ಮೈ ಇದ್ದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಯಿತು. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ತೆಳುವಾದ ಲೇಪನ ಬಳಿದು ಇದನ್ನು ತಡೆದ. ಕೆಲವು ವರ್ಷ ಅದು ಸೇನೆಯ ಗುಟ್ಟಾಗಿತ್ತು. ಇನ್ನೊಂದು, ರೂಫ್ ಪ್ರಿಸಂ. ಪೊರೋ ಪ್ರಿಸಂನ ದುರ್ಬೀನು ಭುಜ ಅಗಲಿಸಿ ನಿಂತ ಹಾಗಿರುತ್ತೆ. ರೂಫ್ ಪ್ರಿಸಂನದು ಎರಡು ನೇರ ಕೊಳವೆ, ತೆಳ್ಳಗೆ. ಅದರ ಕೊರತೆ ಏನೆಂದರೆ ಬೆಳಕು ಒಳಗೆ ಎರಡಾಗಿ ಒಡೆದು ಕೂಡುವಾಗ ತಾಳ ತಪ್ಪಿ ಚಿತ್ರ ಸ್ವಲ್ಪ ಮಂಕಾಗುತ್ತಿತ್ತು. 1988ರಲ್ಲಿ ಝೈಸ್ ಫೇಸ್ ಲೇಪನ ತಂದು ಅದನ್ನು ಸರಿಪಡಿಸಿತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಇವತ್ತು ಅರ್ಧ ಕಿಲೋ ದುರ್ಬೀನು ಸ್ಪಷ್ಟವಾಗಿ ತೋರಿಸುತ್ತೆ ಅಂದರೆ ಅದರ ಹಿಂದೆ ಇಷ್ಟೆಲ್ಲ ಇದೆ.

ಇಷ್ಟು ತಿಳಿದ ಮೇಲೆ ಅಮ್ಮನಿಗೆ ದುರ್ಬೀನು ಹುಡುಕಿದೆ. ನೀವೂ ಮನೆಯ ಹಿರಿಯರಿಗೋ ಮಕ್ಕಳಿಗೋ ಕೊಳ್ಳೋರಿದ್ದರೆ ಉಪಯೋಗವಾದೀತು, ಕೇಳಿ.

ಮೊದಲನೆಯದು ಪವರ್. ಹಕ್ಕಿ ಹತ್ತು ಮೀಟರ್ ದೂರ ಕೂತಿದೆ ಅನ್ನಿ. 10 ಪಟ್ಟಿನದು ಅದನ್ನು ಒಂದು ಮೀಟರಿಗೆ ತರುತ್ತೆ, 8 ಪಟ್ಟಿನದು ಒಂದೂಕಾಲು ಮೀಟರಿಗೆ. ವ್ಯತ್ಯಾಸ ಒಂದು ಗೇಣು! ಆ ಒಂದು ಗೇಣಿಗಾಗಿ ಕೈ ನಡುಕವೂ ಹತ್ತು ಪಟ್ಟಾಗುತ್ತೆ, ನೋಟವೂ ಕಿರಿದಾಗುತ್ತೆ. ಒಂದು ಕಡೆ ನಿಲ್ಲದ ಹಕ್ಕಿಗೆ ಅಗಲ ನೋಟವೇ ಬೇಕು. ಹಿತ್ತಿಲಿಗೆ 8 ಸಾಕು, 7 ಆದರೂ ಸರಿ. ಪೆಟ್ಟಿಗೆಯ ಮೇಲೆ 50 ಪಟ್ಟು, 100 ಪಟ್ಟು ಅಂತ ಬರೆದು ಅಗ್ಗಕ್ಕೆ ಕೊಡ್ತಾರಲ್ಲ, ಅದರ ಕಡೆ ನೋಡಲೇಬೇಡಿ. ಕೆಂಪಗೆ ಹೊಳೆಯುವ ಗಾಜಿನದೂ ಬೇಡ, ಕೆಂಪು ಬೆಳಕನ್ನು ಅದು ಹೊರಗೇ ತಳ್ಳುತ್ತೆ, ಹಕ್ಕಿಯ ಬಣ್ಣ ಕೆಡುತ್ತೆ.

ಎರಡನೆಯದು ತೂಕ. 8x42 ಸಾಮಾನ್ಯವಾಗಿ 600ರಿಂದ 800 ಗ್ರಾಂ, 8x32 ಸುಮಾರು 500, ಜೇಬಿಗೆ ಹಿಡಿಯುವ 8x25 ಸುಮಾರು 300. ನಾನು ಸೀದಾ 300ರದ್ದೇ ತರಬೇಕು ಅಂತಿದ್ದೆ. ಆದರೆ ಗೆಳೆಯರಿಂದ ಮೂರೂ ಬಗೆಯದನ್ನು ಎರವಲು ತಂದು ಒಂದು ವಾರ ಅಮ್ಮನ ಹತ್ತಿರ ಬಿಟ್ಟೆ. ಅತಿ ಹಗುರದ್ದನ್ನು ಅಮ್ಮ ಬೇಡ ಅಂದರು. "ಕಣ್ಣು ಒಂಚೂರು ಆಚೀಚೆ ಆದ್ರೆ ಕಪ್ಪಾಗ್ತದೆ ಮಾರಾಯ" ಅಂದರು. ನಿಜ. ಬೆಳಕಿನ ವೃತ್ತ ಬರೀ 3 ಮಿಲಿಮೀಟರ್, ಕಣ್ಣು ಅದರ ಮೇಲೇ ಕೂರಬೇಕು. 8x32ರಲ್ಲಿ ಅದು 4. ಆ ಒಂದು ಮಿಲಿಮೀಟರಿನಲ್ಲಿ ಅಮ್ಮನಿಗೆ ಆರಾಮ ಸಿಕ್ಕಿತು. ಹಗುರ ಬೇಕು ನಿಜ, ಹಗುರ ಒಂದೇ ಸಾಲದು.

ಮೂರನೆಯದು ಕನ್ನಡಕ. ಅಮ್ಮನ ಹಾಗೆ ಕನ್ನಡಕ ಹಾಕಿಯೇ ನೋಡುವವರು 'ಐ ರಿಲೀಫ್' ಎಂಬ ಅಂಕೆ 15 ಮಿಲಿಮೀಟರಿಗಿಂತ ಹೆಚ್ಚಿದೆಯೇ ನೋಡಬೇಕು. ಇಲ್ಲದಿದ್ದರೆ ನೋಟದ ಅಂಚು ಕತ್ತರಿಸಿ ಹೋಗುತ್ತೆ. ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ಇಳಿಸಿಕೊಂಡು ನೋಡಬೇಕು.

ನಾಲ್ಕನೆಯದು, ಎಲ್ಲರೂ ಮರೆಯೋದು: ಎಷ್ಟು ಹತ್ತಿರದ್ದನ್ನು ಸ್ಪಷ್ಟ ತೋರಿಸುತ್ತೆ? ಅಡುಗೆಮನೆ ಬಾಗಿಲಿಂದ ದಾಸವಾಳದ ಗಿಡಕ್ಕೆ ಮೂರೇ ಮೀಟರ್. ನನ್ನ ಹಳೆಯದು ಅಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತಲೇ ಇರಲಿಲ್ಲ. ಅಮ್ಮನಿಗೆ ಮಸುಕು ಕಂಡದ್ದು ಅದಕ್ಕೇ. ಎರಡು ಮೀಟರಿಗೆ ಸ್ಪಷ್ಟವಾಗುವುದನ್ನು ಹುಡುಕಿ. ಐದನೆಯದು ನಮ್ಮ ಮಲೆನಾಡಿನವರಿಗೆ: ನೀರು ಒಳಗೆ ಹೋಗದಂತೆ ಮುಚ್ಚಿದ್ದೇ ಬೇಕು. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತೆ.

ಕೊನೆಗೆ ಬಂದದ್ದು ಒಂದು 8x32. ನಮ್ಮ ತಕ್ಕಡಿಯಲ್ಲಿ 480 ಗ್ರಾಂ. ಮೆಟ್ಟಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಪೆಟ್ಟಿಗೆಯೊಳಗೆ ಇಟ್ಟರೆ ತೆಗೆಯೋ ಹೊತ್ತಿಗೆ ಹಕ್ಕಿ ಹಾರಿಹೋಗಿರುತ್ತೆ.

ಕರ್ನಾಟಕಕ್ಕೂ ಈ ಕಥೆಗೂ ಒಂದು ನಂಟಿದೆ, ಹೇಳಿ ಮುಗಿಸ್ತೀನಿ. ಗುಬ್ಬಿ ಹೊಡೆದ ಆ ಹುಡುಗ ಸಲೀಂ ಅಲಿ ದೊಡ್ಡವರಾಗಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ಕಂಡು, ಇದನ್ನು ಕಾಪಾಡಿ ಅಂತ ಒಡೆಯರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷ ಅವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಬಂತು. ಹಕ್ಕಿಯನ್ನು ಹೊಡೆಯದೆಯೇ ಗುರುತಿಸುವುದನ್ನು ಎಷ್ಟೋ ಭಾರತೀಯರಿಗೆ ಕಲಿಸಿದ ಪುಸ್ತಕ ಅದು. ಒಬ್ಬ ಮನುಷ್ಯನ ಆಯುಷ್ಯದಲ್ಲೇ ಆದ ಬದಲಾವಣೆ ಇದು.

ಅಮ್ಮನ ಕಪ್ಪು ಹಕ್ಕಿ ಸೂರಕ್ಕಿ. ಅದರ ಹೆಸರನ್ನು ನಾನು ಹೇಳಲಿಲ್ಲ, ಅಮ್ಮನೇ ಪುಸ್ತಕ ನೋಡಿ ಹುಡುಕಿಕೊಂಡರು. ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ, ಅಪ್ಪ ಅಡಿಕೆ ಲೆಕ್ಕ ಬರೆಯುತ್ತಿದ್ದದ್ದು, ಅದರಲ್ಲಿ ಉಳಿದ ಹಾಳೆಗಳು. ಮೊನ್ನೆ ಎಣಿಸಿದರೆ 31 ಹಕ್ಕಿ. ಕಳೆದ ವಾರ ಫೋನ್ ಮಾಡಿದಾಗ ಬೇಗ ಇಟ್ಟುಬಿಟ್ಟರು. ತೋಟದ ಕೆಳಗೆ ಯಾವುದೋ ಹೊಸದು ಕೂಗ್ತಾ ಇದೆಯಂತೆ, ಹೋಗಿ ನೋಡ್ಕೊಂಡು ಬರ್ತೀನಿ ಅಂದರು.

ತೋಟಕ್ಕೆ. ಅಪ್ಪ ಹೋದ ಮೇಲೆ ಅವರು ಕಾಲಿಡದ ತೋಟಕ್ಕೆ.

ಮತ್ತೆ ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ನಿಮ್ಮ ಹಿತ್ತಿಲಿನ ಕಡೆ ಒಮ್ಮೆ ನೋಡಿ.